ಬ್ಯಾಬಿಲೋನ್ ಹೋಯ್ತು, ನಮಗೇನು ಉಳಿಯಿತು?

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರಾಚೀನ ನಾಗರಿಕತೆಗಳ ಪಾಠ ಮುಗಿಸಿದ ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಬ್ಯಾಬಿಲೋನ್ ಹೋಯ್ತು, ಈಜಿಪ್ಟ್ ಹೋಯ್ತು, ಹರಪ್ಪಾನೂ ಹೋಯ್ತು. ನಮಗೇನ್ ಉಳೀತ್ರಿ?" ಅಂದಳು. ಪುಸ್ತಕದಲ್ಲಿ 'ಕೊಡುಗೆಗಳು' ಅಂತ ಒಂದು ಪಟ್ಟಿ ಇದೆ. ಅದನ್ನೇ ಓದಿ ಹೇಳಿದೆ. ಆಕೆಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ನಮ್ಮ ಭಾಗದಲ್ಲೇ ಕೈ ತೋರಿಸಿ ಹೇಳಬಹುದಾದ್ದು ಏನಾದರೂ ಇದೆಯೇ?

ಉತ್ತರ: ಆ ಹುಡುಗಿಗೆ ಮೊದಲು ಭೇಷ್ ಅಂತ ಹೇಳಿಬಿಡಿ. ಕಲಬುರಗಿಯಲ್ಲಿ ಕೂತು ವರ್ಷಗಟ್ಟಲೆ ಇದೇ ವಿಷಯ ಓದಿಕೊಂಡು, ಪಾಠ ಹೇಳಿಕೊಂಡು ಬಂದವನು ನಾನು. ಇಷ್ಟು ನೇರವಾಗಿ ಕೇಳಿದವರು ಕಡಿಮೆ.

'ಕೊಡುಗೆ' ಅನ್ನುವ ಪದವೇ ನಮ್ಮ ದಾರಿ ತಪ್ಪಿಸುತ್ತದೆ ಅಂತ ನನಗೆ ಅನ್ನಿಸುತ್ತದೆ. ಯಾರೋ ಕರೆದು ಕೊಟ್ಟರು, ಇನ್ಯಾರೋ ಕೈ ಚಾಚಿ ತಗೊಂಡರು ಅನ್ನುವ ಹಾಗೆ ಕೇಳಿಸುತ್ತದೆ. ಹಾಗೆ ನಡೆದದ್ದು ತೀರಾ ಕಡಿಮೆ. ಬೇಕಾದವರು ಬೇಕಾದ್ದನ್ನು ಎತ್ತಿಕೊಂಡರು, ತಮ್ಮ ಕೆಲಸಕ್ಕೆ ಹಚ್ಚಿದರು. ಬಳಸುತ್ತ ಬಳಸುತ್ತ ಅದು ಎಲ್ಲಿಂದ ಬಂತು ಅನ್ನುವುದನ್ನೇ ಮರೆತರು. ಹಳೆಯ ಕಾಲದ್ದು ಜಾಸ್ತಿ ಉಳಿದಿರುವುದು ಹೀಗೆ ಬಳಕೆಯಲ್ಲಿ, ಅದೂ ನಮ್ಮ ಗಮನಕ್ಕೆ ಬಾರದ ಹಾಗೆ. ಅದಕ್ಕೇ ಹುಡುಕಾಟ ನಿಮ್ಮ ತರಗತಿಯ ಒಳಗಿಂದಲೇ ಶುರುವಾಗಲಿ.

ಗೋಡೆಗೆ ವೇಳಾಪಟ್ಟಿ ಅಂಟಿಸಿರುತ್ತೀರಿ ಅಲ್ವಾ? ಸೋಮವಾರ, ಮಂಗಳವಾರ, ಬುಧವಾರ. ಈ ಕ್ರಮ ಯಾಕೆ ಹೀಗಿದೆ ಅಂತ ಮಕ್ಕಳನ್ನು ಕೇಳಿ. ಚಂದ್ರ ಆದ ಮೇಲೆ ಮಂಗಳ ಯಾಕೆ? ಬುಧ ಆದ ಮೇಲೆ ಗುರು ಯಾಕೆ? ಆಕಾಶದಲ್ಲಿ ಅವು ಆ ಸಾಲಿನಲ್ಲಿ ಇಲ್ಲವಲ್ಲ.

ಇದಕ್ಕೆ ಉತ್ತರ ಬೋರ್ಡಿನ ಮೇಲೆ ಐದು ನಿಮಿಷದಲ್ಲಿ ಸಿಗುತ್ತದೆ. ಹಿಂದಿನವರು ಭೂಮಿಯಿಂದ ದೂರ ಇರುವುದನ್ನು ಮೊದಲಿಟ್ಟು ಗ್ರಹಗಳನ್ನು ಹೀಗೆ ಜೋಡಿಸಿದ್ದರು: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ದಿನಕ್ಕೆ 24 ಗಂಟೆ. ಒಂದೊಂದು ಗಂಟೆಗೆ ಒಂದೊಂದು ಗ್ರಹ ಒಡೆಯ. ಮೊದಲ ಗಂಟೆ ಯಾರದೋ ಇಡೀ ದಿನ ಅವರ ಹೆಸರಲ್ಲಿ. ಮೊದಲ ಗಂಟೆ ಶನಿಯದಾದರೆ ಅದು ಶನಿವಾರ. ಸಾಲು ಮೂರು ಸಲ ಸುತ್ತಿದರೆ 21 ಗಂಟೆ ಆಯಿತು. ಇನ್ನು ಮೂರು ಗಂಟೆ ಶನಿ, ಗುರು, ಮಂಗಳನಿಗೆ ಹೋಗುತ್ತವೆ. ಮರುದಿನದ ಮೊದಲ ಗಂಟೆ ರವಿಗೆ ಬರುತ್ತದೆ. ಅಲ್ಲಿಗೆ ಭಾನುವಾರ. ರವಿಯಿಂದ ನಾಲ್ಕು ಎಣಿಸಿ, ಚಂದ್ರ. ಚಂದ್ರನಿಂದ ನಾಲ್ಕು ಎಣಿಸಿ, ಮಂಗಳ. ಹೀಗೆ ವಾರ ಪೂರ್ತಿ ತಾನೇ ಬಂದು ನಿಲ್ಲುತ್ತದೆ. ನಾನು ಹಲವು ತರಗತಿಗಳಲ್ಲಿ ಇದನ್ನು ಮಾಡಿಸಿದ್ದೇನೆ. ಶುಕ್ರನಿಂದ ಎಣಿಸಿ ಮತ್ತೆ ಶನಿಗೆ ಬಂದು ಮುಟ್ಟಿದಾಗ ಮಕ್ಕಳ ಮುಖ ನೋಡಬೇಕು.

ಈಗ ಈ ಲೆಕ್ಕದ ಒಳಗೆ ಯಾರ್ಯಾರು ಇದ್ದಾರೆ ನೋಡಿ. ರಾತ್ರಿಯಿಡೀ ಗ್ರಹಗಳನ್ನು ಕಾದು, ಎಲ್ಲಿ ಹೋದವು ಅಂತ ಮಣ್ಣಿನ ಹಲಗೆಗಳ ಮೇಲೆ ನೂರಾರು ವರ್ಷ ಬರೆದಿಟ್ಟವರು ಬ್ಯಾಬಿಲೋನಿನವರು. ಹಗಲಿಗೆ ಹನ್ನೆರಡು, ರಾತ್ರಿಗೆ ಹನ್ನೆರಡು ಅಂತ ದಿನವನ್ನು ಒಡೆದವರು ಈಜಿಪ್ಟಿನವರು. ಗ್ರಹಗಳನ್ನು ದೂರದ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದು ಗ್ರೀಕರ ಕಾಲದಲ್ಲಿ. ಈ ಮೂರೂ ಒಂದಾಗಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂದವು. ನಮ್ಮ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣುವುದು 484ರಲ್ಲಿ, ಮಧ್ಯಪ್ರದೇಶದ ಏರಣ್ ಊರಿನ ಗುಪ್ತರ ಕಂಬದ ಮೇಲೆ. ಅಲ್ಲಿ ಬರೆದಿರುವುದು ಗುರುವಾರ. ಅದನ್ನೇ ನಮ್ಮ ಅಜ್ಜಿಯರು ಬೇಸ್ತವಾರ ಅನ್ನುತ್ತಾರೆ. ಬೃಹಸ್ಪತಿ ಸವೆದು ಸವೆದು ಬೇಸ್ತ ಆಗಿದ್ದಾನೆ. ಆದಿತ್ಯವಾರ ಐತವಾರ ಆಗಿದೆ.

ಪಕ್ಕದಲ್ಲೇ ಗಡಿಯಾರ ಇದ್ದರೆ ಅದನ್ನೂ ತೋರಿಸಿ. ಗಂಟೆಗೆ 60 ನಿಮಿಷ, ನಿಮಿಷಕ್ಕೆ 60 ಸೆಕೆಂಡು, ವೃತ್ತಕ್ಕೆ 360 ಡಿಗ್ರಿ. ನಾವು ಹತ್ತರ ಲೆಕ್ಕದವರು, ಅರವತ್ತು ಎಲ್ಲಿಂದ ಬಂತು? ಮೆಸೊಪೊಟೇಮಿಯದವರು ಅರವತ್ತರಲ್ಲಿ ಎಣಿಸುತ್ತಿದ್ದರು. ಅರವತ್ತನ್ನು ಎರಡು, ಮೂರು, ನಾಲ್ಕು, ಐದು, ಆರು ಎಲ್ಲವೂ ಸರಿಯಾಗಿ ಭಾಗಿಸುತ್ತವೆ. ಪಾಲು ಹಂಚುವವರಿಗೆ ಅದು ಅನುಕೂಲ. ಅನುಕೂಲ ಇದ್ದದ್ದಕ್ಕೇ ಉಳಿಯಿತು.

ಇನ್ನೊಂದು ಮಾತು. ವಾರ ಹೊರಗಿನಿಂದ ಬಂತು ಅಂದ ತಕ್ಷಣ ಕೆಲವರಿಗೆ ಬೇಸರ ಆಗುತ್ತದೆ. ಬೇಸರಪಡುವಂಥದ್ದು ಏನೂ ಇಲ್ಲ. 6ನೇ ಶತಮಾನದ ಜ್ಯೋತಿಷಿ ವರಾಹಮಿಹಿರನೇ ಬಿಚ್ಚು ಮನಸ್ಸಿನಿಂದ ಬರೆದಿದ್ದಾನೆ: ಯವನರು (ಅಂದರೆ ಗ್ರೀಕರು) ಮ್ಲೇಚ್ಛರೇ ಇರಬಹುದು, ಆದರೆ ಈ ಶಾಸ್ತ್ರ ಅವರಲ್ಲಿ ಗಟ್ಟಿಯಾಗಿ ನೆಲೆಸಿದೆ, ಅವರನ್ನೂ ಋಷಿಗಳಂತೆ ಪೂಜಿಸುತ್ತಾರೆ ಅಂತ. ಮೇಲಾಗಿ ನಮ್ಮದೂ ಬಿಟ್ಟುಹೋಗಲಿಲ್ಲ. ನಿಮ್ಮ ಊರಿನ ರೈತರು ತೊಗರಿ ಬಿತ್ತಲು ಮಿರಗದ ಮಳೆ ಕಾಯುತ್ತಾರೆ. ಆ ಮಿರಗ ಅಂದರೆ ಮೃಗಶಿರಾ ನಕ್ಷತ್ರ. ನಕ್ಷತ್ರಗಳ ಪಟ್ಟಿ ವೇದಗಳ ಕಾಲದಷ್ಟು ಹಳೆಯದು, ಇಲ್ಲಿಯದೇ. ಮನೆಯ ಗೋಡೆಗೆ ನೇತುಹಾಕಿದ ಒಂದೇ ಪಂಚಾಂಗದಲ್ಲಿ ಹಡಗು ಹತ್ತಿ ಬಂದ ವಾರವೂ ಇದೆ, ಇಲ್ಲಿನ ನಕ್ಷತ್ರವೂ ಇದೆ. ಬಿತ್ತುವವರಿಗೆ ಎರಡೂ ಬೇಕು.

ಆ ಗ್ರೀಕರ ಹಡಗಿನಲ್ಲಿ ಪದಗಳೂ ಬಂದವು. 'ಕೇಂದ್ರ' ಗ್ರೀಕ್ ಮೂಲದ ಪದ. ಅಲ್ಲಿ ಅದು ಕೆಂಟ್ರಾನ್, ಅಂದರೆ ಚೂಪು ಮೊನೆ. ವೃತ್ತ ಎಳೆಯುವಾಗ ಕೈವಾರದ ಮೊನೆ ಊರುವ ಜಾಗ. ಜ್ಯೋತಿಷದ ಪುಸ್ತಕಗಳ ಮೂಲಕ ಸಂಸ್ಕೃತಕ್ಕೆ ಬಂತು, ಅಲ್ಲಿಂದ ನಮ್ಮಲ್ಲಿಗೆ. ಇವತ್ತು ಅಂಗನವಾಡಿ ಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ತೊಗರಿ ಖರೀದಿ ಕೇಂದ್ರ. ಇದೇ ಜಾತಿಯ ಇನ್ನೊಂದು ಪದ ಬೀದರಿನಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬೋರ್ಡಿನ ಮೇಲಿನ ಅಕ್ಷರ. ಇಲ್ಲಿ ನಿಮ್ಮಷ್ಟು ಅದೃಷ್ಟವಂತ ಮೇಷ್ಟ್ರು ರಾಜ್ಯದಲ್ಲಿ ಕಡಿಮೆ, ಯಾಕೆಂದರೆ ಸನ್ನತಿ ನಿಮ್ಮ ತಾಲ್ಲೂಕಿನಲ್ಲೇ ಇದೆ.

ಭೀಮಾ ನದಿ ದಂಡೆಯ ಸನ್ನತಿಗೆ ಜನ ಹೋಗುವುದು ಚಂದ್ರಲಾಂಬೆಯ ದರ್ಶನಕ್ಕೆ. ಆ ಗುಡಿಯ ಆವರಣದಲ್ಲೇ ಕಾಳಮ್ಮನ ಗುಡಿ ಇತ್ತು. 1986ರಲ್ಲಿ ಅದರ ಮಾಳಿಗೆ ಕುಸಿಯಿತು. ಅವಶೇಷ ತೆಗೆದು ಜಾಗ ಸ್ವಚ್ಛ ಮಾಡುವಾಗ ದೇವಿಯ ಮೂರ್ತಿಯನ್ನು ಕೂರಿಸಿದ್ದ ಪೀಠದ ಕಲ್ಲು ಹೊರಬಂತು. ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಭಾಷೆ ಪ್ರಾಕೃತ, ಕಾಲ ಕ್ರಿ.ಪೂ. 3ನೇ ಶತಮಾನ. ಒಂದು ಮೈಮೇಲೆ ಅವನ 12 ಮತ್ತು 14ನೇ ಬಂಡೆ ಶಾಸನ. ಇನ್ನೊಂದು ಮೈಮೇಲೆ ಎರಡು 'ಪ್ರತ್ಯೇಕ ಶಾಸನ'ಗಳು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಸಿಕ್ಕಿದ್ದು ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ. "ಎಲ್ಲ ಮನುಷ್ಯರೂ ನನ್ನ ಮಕ್ಕಳು" ಅನ್ನುವ ಮಾತು ಬರುವುದು ಅಲ್ಲೇ.

ಆ ಕಲ್ಲಿನ ಮಧ್ಯೆ ಒಂದು ಚೌಕಾಕಾರದ ತೂತಿದೆ. ಮೂರ್ತಿಯ ಬುಡ ಭದ್ರವಾಗಿ ಕೂರಲಿ ಅಂತ ಕೊರೆದದ್ದು. ಆ ತೂತಿಗೆ ಸಿಕ್ಕಿ ಅಶೋಕನ ಕೆಲವು ಅಕ್ಷರ ಹೋದವು. ನನ್ನ ಜೊತೆ ಬಂದ ವಿದ್ಯಾರ್ಥಿಗಳು ಇದನ್ನು ಕೇಳಿ "ಹಾಳು ಮಾಡಿದರಲ್ಲ ಸರ್" ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೊರೆದವರ ಕಾಲಕ್ಕೆ ಆ ಅಕ್ಷರ ಓದುವವರು ಯಾರೂ ಉಳಿದಿರಲಿಲ್ಲ. ಅವರ ಕಣ್ಣಿಗೆ ಅದು ಗಟ್ಟಿ ಕಲ್ಲು, ದೇವಿಗೆ ತಕ್ಕ ಪೀಠ. ಅವರು ಅದನ್ನು ಗುಡಿಯ ಒಳಗೆ ಇಟ್ಟದ್ದಕ್ಕೇ ಮಳೆ ಬಿಸಿಲಿಗೆ ಸಿಗಲಿಲ್ಲ, ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಲಿಲ್ಲ, ಒಡ್ಡಿಗೆ ಹೋಗಲಿಲ್ಲ. ಕಲ್ಲಿಗೆ ಗಾಯ ಮಾಡಿದ ಕೈಯೇ ಅದನ್ನು ಕಾಪಾಡಿತು. ಅದರ ಮೇಲಿರುವ 12ನೇ ಶಾಸನ ಹೇಳುವುದೇನು ಗೊತ್ತೇ? ತನ್ನ ಪಂಥವನ್ನೇ ಹೊಗಳಿಕೊಂಡು ಪರರ ಪಂಥವನ್ನು ತೆಗಳಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳಿ ಅಂತ.

ಓದು ಮರೆತುಹೋದರೂ ಅಕ್ಷರ ಸಾಯಲಿಲ್ಲ. ಇದು ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ. ಬ್ರಾಹ್ಮಿಯನ್ನು ಮತ್ತೆ ಓದಲು ಕಲಿತದ್ದು 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್ ಅದರ ಗುಟ್ಟು ಬಿಡಿಸಿದಾಗ. ಆದರೆ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಕಾಲದಲ್ಲೂ ಬಳಕೆಯಲ್ಲೇ ಇದ್ದರು. ಕನ್ನಡ, ತೆಲುಗು, ತಮಿಳು, ದೇವನಾಗರಿ, ಸಿಂಹಳ, ಟಿಬೆಟ್, ಬರ್ಮಾ, ಥಾಯ್, ಜಾವಾ, ಇವೆಲ್ಲ ಆ ಬಳಗದ ಲಿಪಿಗಳು. ಅಜ್ಜಿಯನ್ನು ಗುರುತಿಸುವವರು ಇಲ್ಲದಿದ್ದರೂ ಮೊಮ್ಮಗಳ ಮುಖದಲ್ಲಿ ಅಜ್ಜಿಯ ಮೂಗು ಇದ್ದೇ ಇತ್ತು.

ಬೋರ್ಡಿನ ಮೇಲೆ ಕೂಡಿಸುವ ಗುರುತು ಬರೆಯಿರಿ. ಬ್ರಾಹ್ಮಿಯ 'ಕ' ಅಂದರೆ ಅದೇ. ಅಡ್ಡ ಗೆರೆ ಒಂದು, ಉದ್ದ ಗೆರೆ ಒಂದು. ಈಗ ನಮ್ಮ 'ಕ' ಬರೆಯಿರಿ. ಮಧ್ಯದ ಅಡ್ಡ ಗೆರೆ ಇನ್ನೂ ಇದೆ. ಉದ್ದ ಗೆರೆಯ ಕೆಳಗಿನ ತುದಿ ಬಾಗಿ ದುಂಡಾಗಿದೆ, ಮೇಲೆ ತಲೆಕಟ್ಟು ಬಂದಿದೆ. ಬ್ರಾಹ್ಮಿಯ 'ಠ' ಬರೀ ಒಂದು ಸೊನ್ನೆ. ನಮ್ಮ ಠ ಇವತ್ತಿಗೂ ಆ ದುಂಡು ಬಿಟ್ಟಿಲ್ಲ. ಗೆರೆಗಳು ಯಾಕೆ ಬಾಗಿದವು ಅಂದರೆ, ಕಲ್ಲಿಗಿಂತ ಜಾಸ್ತಿ ತಾಳೆಗರಿಯ ಮೇಲೆ ಬರೆಯುವ ಕಾಲ ಬಂತು. ಗರಿಯ ನಾರು ಉದ್ದಕ್ಕೆ ಓಡುತ್ತದೆ. ಕಂಠದಿಂದ, ಅಂದರೆ ಗರಿಯ ಮೇಲೆ ಕೊರೆಯುವ ಕಬ್ಬಿಣದ ಮೊನೆಯಿಂದ, ಅದೇ ದಿಕ್ಕಿಗೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಕೈ ತಾನೇ ದುಂಡಗೆ ಓಡುವುದನ್ನು ಕಲಿಯಿತು.

ಅಕ್ಷರದ ಆಕಾರ ಬದಲಾದರೂ ಕಾಗುಣಿತ ಬದಲಾಗಲಿಲ್ಲ. ಒಂದು ವ್ಯಂಜನ, ಅದಕ್ಕೆ ಅಂಟಿಕೊಂಡ ಸ್ವರದ ಗುರುತು. ಕ, ಕಾ, ಕಿ, ಕೀ. ಅಶೋಕನ ಲಿಪಿಕಾರ ಬರೆದದ್ದೂ ಇದೇ ಕ್ರಮದಲ್ಲಿ. ಬಾಯಿಯ ಹಿಂದಿನಿಂದ ಮುಂದಕ್ಕೆ ಬರುವ ಕ-ಚ-ಟ-ತ-ಪ ಸಾಲು ಅದಕ್ಕಿಂತಲೂ ಹಳೆಯದು. ಬೌದ್ಧ ಭಿಕ್ಷುಗಳ ಜೊತೆ ಅದು ಜಪಾನಿಗೆ ಹೋಯಿತು. ಅಲ್ಲಿನ ಮಕ್ಕಳು ಇವತ್ತು ಹೇಳುವ ಅಕ್ಷರಮಾಲೆಯ ಕ್ರಮದಲ್ಲೂ ಅದರ ನೆರಳಿದೆ.

ಸನ್ನತಿಯಿಂದ ಸ್ವಲ್ಪ ದೂರದಲ್ಲೇ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ ಒಂದು ಮಹಾಸ್ತೂಪವೇ ಸಿಕ್ಕಿತು. 'ಅಧೋಲೋಕ ಮಹಾಚೈತ್ಯ' ಅಂತ ಅದರ ಹೆಸರು ಅಲ್ಲಿನ ಬರಹಗಳಲ್ಲೇ ಇದೆ. ಶಾತವಾಹನ ರಾಜರ ಶಿಲ್ಪಗಳು ಹೆಸರಿನ ಸಮೇತ ಸಿಕ್ಕವು. ಎಲ್ಲಕ್ಕಿಂತ ಹೆಚ್ಚಾಗಿ, ರಾಣಿಯ ಜೊತೆ ನಿಂತ ಒಬ್ಬ ರಾಜ, ಸುತ್ತ ಪರಿಚಾರಿಕೆಯರು, ಅದಕ್ಕೊಂದು ಬ್ರಾಹ್ಮಿ ಬರಹ: 'ರಾಯ ಅಸೋಕೋ'. ಅಶೋಕನ ಚಿತ್ರಕ್ಕೆ ಅವನ ಹೆಸರೂ ಬರೆದಿರುವ ಶಿಲ್ಪ ಇದು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಅನ್ನುವ ರಾಜ ಅಶೋಕನೇ ಅನ್ನುವುದು ಗಟ್ಟಿಯಾದದ್ದು 1915ರಲ್ಲಿ, ನಮ್ಮ ನೆರೆಯ ರಾಯಚೂರಿನ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ. ಅವನ ಮುಖ ಹೀಗಿತ್ತು ಅಂತ ಕಲ್ಲುಕುಟಿಗನೊಬ್ಬ ಕಲ್ಪಿಸಿಕೊಂಡು ಹೆಸರು ಬರೆದದ್ದು ಭೀಮಾ ದಂಡೆಯಲ್ಲಿ. ಈ ಭಾಗದ ಪ್ರತಿ ಮಗುವಿಗೂ ಇದು ಗೊತ್ತಿರಬೇಕು.

ಆ ಬರಹದ ಮೊದಲ ಪದ ಗಮನಿಸಿ. 'ರಾಯ'. ಸಂಸ್ಕೃತದ ರಾಜ ಪ್ರಾಕೃತದಲ್ಲಿ ರಾಯ ಆಗಿದ್ದಾನೆ. ಈಗ ನಿಮ್ಮ ಹಾಜರಿ ಪುಸ್ತಕ ತೆಗೆಯಿರಿ. ಭೀಮರಾಯ, ಶಿವರಾಯ, ಅಣ್ಣಾರಾಯ, ಸಿದ್ರಾಯ. ಕಲಬುರಗಿ, ಯಾದಗಿರಿ ಕಡೆ ಈ ಹೆಸರುಗಳಿಲ್ಲದ ತರಗತಿ ಸಿಗುವುದಿಲ್ಲ. ಪ್ರಾಕೃತ ಸತ್ತ ಭಾಷೆ ಅಂತ ಪುಸ್ತಕ ಹೇಳುತ್ತದೆ. ನೀವು ದಿನಾ ಬೆಳಿಗ್ಗೆ ಅದನ್ನು ಕೂಗುತ್ತೀರಿ, ಅದು "ಬಂದೀನ್ರಿ ಸರ್" ಅನ್ನುತ್ತದೆ. ಸಂಜೆ, ಅಚ್ಚರಿ, ಬಣ್ಣ, ಸಕ್ಕರೆ, ಸಿರಿ, ಜೋಗಿ, ಸಾವಿರ, ಇವೆಲ್ಲ ಆ ದಾರಿಯಲ್ಲೇ ಬಂದ ಪದಗಳು. ಸಂಧ್ಯಾ ಅನ್ನುವುದಕ್ಕಿಂತ ಸಂಜೆ ಎಷ್ಟು ನಮ್ಮದು ಅನ್ನಿಸುತ್ತದೆ ಅಲ್ವಾ? ಎರಡು ಸಾವಿರ ವರ್ಷ ಬಾಯಲ್ಲಿ ಉರುಳಿದ ಪದ ಅದು.

ಮಧ್ಯಾಹ್ನದ ಊಟದ ಬಗ್ಗೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಜೋಳದ ರೊಟ್ಟಿ ನಮ್ಮ ಗುರುತು, ಆದರೆ ಜೋಳವನ್ನು ಮೊದಲು ಒಕ್ಕಲು ಮಾಡಿದವರು ಆಫ್ರಿಕಾದ ಸುಡಾನ್ ಕಡೆಯ ರೈತರು. ಇಲ್ಲಿಗೆ ಬಂದು ಮೂರು ಸಾವಿರ ವರ್ಷದ ಮೇಲಾಯಿತು. ಶೇಂಗಾ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೊದ ಕಡೆಯದು. ಇವೆರಡೂ ಪೋರ್ಚುಗೀಸರು ಬಂದ ಮೇಲೆ ಬಂದವು. ಟೊಮ್ಯಾಟೊ ಅನ್ನುವ ಹೆಸರು ಅಜ್ಟೆಕರ ಭಾಷೆಯ 'ತೊಮಾತ್ಲ್'. ತೊಗರಿ ಈ ದೇಶದ್ದೇ. ಹುರುಳಿ, ಹೆಸರು ಕೂಡ ಇಲ್ಲಿಯವೇ, ಅದೂ ಬಹಳ ಹಿಂದಿನಿಂದ. ಸುರಪುರ ಸೀಮೆಯ ಬೂದಿಹಾಳ್‌ನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದೆ ದನ ಸಾಕುತ್ತಿದ್ದ ಜನ ಇದ್ದರು. ಅವರು ಸಗಣಿಯ ರಾಶಿ ಸುಟ್ಟು ಸುಟ್ಟು ಬೆಳೆದ ಬೂದಿ ದಿಬ್ಬ ಇವತ್ತಿಗೂ ಇದೆ. ಅವರು ಯಾವ ಭಾಷೆ ಆಡುತ್ತಿದ್ದರೋ, ಊರಿನ ಹೆಸರು ಮಾತ್ರ ಅವರ ಒಲೆಯ ಬೂದಿಯನ್ನು ಹೊತ್ತುಕೊಂಡಿದೆ.

ಈಗ ಬೀದರ್. ಸಾಧ್ಯವಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೋಟೆ ಎಲ್ಲರೂ ನೋಡುತ್ತಾರೆ. ನೀವು ಊರ ಹೊರಗಿನ ನೌಬಾದ್‌ಗೆ ಹೋಗಿ. ನೆಲದ ಮೇಲೆ ಬಾವಿಯ ಬಾಯಿಗಳು ಒಂದಾದ ಮೇಲೊಂದು ಸಾಲಾಗಿ ಕಾಣುತ್ತವೆ. ಬಗ್ಗಿ ನೋಡಿದರೆ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದ ಗೋಡೆ, ಕೆಳಗೆ ಕತ್ತಲು, ಮುಖಕ್ಕೆ ತಂಪು ಗಾಳಿ. ಇದೇ ಕರೇಜ್. ಅಲ್ಲಿನವರ ಬಾಯಲ್ಲಿ ಸುರಂಗ ಬಾವಿ.

ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದದ್ದು 15ನೇ ಶತಮಾನದಲ್ಲಿ, ಅಹ್ಮದ್ ಶಾಹನ ಕಾಲದಲ್ಲಿ. ಬೀದರ್ ಎತ್ತರದ ಜಾಗ, ವೈರಿಗಳಿಂದ ಕಾಯಲು ಚಲೋ, ಆದರೆ ದೊಡ್ಡ ನದಿ ಹತ್ತಿರ ಇಲ್ಲ. ಆಗ ಇರಾನಿನಿಂದ ಸಾವಿರಾರು ಜನ ಈ ಕಡೆ ಬರುತ್ತಿದ್ದರು. ಸೈನಿಕರು, ಕವಿಗಳು, ಕುಶಲಕರ್ಮಿಗಳು. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಅಲ್ಲಿನ ಗೀಲಾನ್‌ನವನು. ಅವರ ದೇಶದಲ್ಲಿ ನೀರಿಗೆ ಒಂದು ಹಳೆಯ ಉಪಾಯ ಇತ್ತು, ಖನಾತ್. ಕರೇಜ್ ಅಂದರೂ ಅದೇ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯದು. ಇರಾನಿನ 11 ಖನಾತ್‌ಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅದು ಕೆಲಸ ಮಾಡುವ ಬಗೆ ಹೀಗೆ. ಎತ್ತರದ ಜಾಗದಲ್ಲಿ ನೀರಿನ ಮಟ್ಟದವರೆಗೆ ಒಂದು ತಾಯಿ ಬಾವಿ ತೋಡುತ್ತಾರೆ. ತಗ್ಗಿನ ಕಡೆಯಿಂದ ಅದರತ್ತ ಸುರಂಗ ಕೊರೆಯುತ್ತಾರೆ. ಮಣ್ಣು ಮೇಲೆತ್ತಲು, ಒಳಗಿನವರಿಗೆ ಗಾಳಿ ಬರಲು ದಾರಿಯುದ್ದಕ್ಕೂ ನೇರ ಬಾವಿಗಳು. ಸುರಂಗಕ್ಕೆ ತೀರಾ ಸಣ್ಣ ಇಳಿಜಾರು ಕೊಡಬೇಕು. ಇಳಿಜಾರು ಜಾಸ್ತಿಯಾದರೆ ನೀರು ಜೋರಾಗಿ ಹರಿದು ಸುರಂಗವನ್ನೇ ಕೊರೆಯುತ್ತದೆ. ಕಡಿಮೆಯಾದರೆ ಹೂಳು ಕೂರುತ್ತದೆ. ಭೂಮಿಯ ಒಳಗೆ, ದೀಪದ ಬೆಳಕಿನಲ್ಲಿ, ಮಟ್ಟ ತಪ್ಪದೆ ಕೊರೆಯುವ ಕೆಲಸ ಅದು. ನೌಬಾದಿನದು ಸುಮಾರು 3 ಕಿಲೋಮೀಟರ್ ಉದ್ದ. ಪಂಪ್ ಇಲ್ಲ, ಎತ್ತು ಇಲ್ಲ, ಕರೆಂಟ್ ಇಲ್ಲ. ನೀರು ತಾನೇ ನಡೆದು ಬರುತ್ತದೆ, ಬಿಸಿಲಿಗೆ ಆರುವುದೂ ಇಲ್ಲ.

ಬೀದರಿನಲ್ಲೇ ಇದು ಯಾಕೆ ಸಾಧ್ಯವಾಯಿತು ಅನ್ನುವುದನ್ನು ಮಕ್ಕಳಿಗೆ ಹೇಳಿ. ಅಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಕರಿಕಲ್ಲು. ಜಂಬಿಟ್ಟಿಗೆ ಸ್ಪಂಜಿನ ಹಾಗೆ ಮಳೆ ನೀರು ಹೀರುತ್ತದೆ. ನೀರು ಇಳಿದು ಇಳಿದು ಕೆಳಗಿನ ಕಲ್ಲಿಗೆ ಬಂದು ನಿಲ್ಲುತ್ತದೆ. ಎರಡೂ ಕೂಡುವ ಜಾಗ ಹಿಡಿದರೆ ನೀರು ಸಿಕ್ಕಿತು. ಇರಾನಿನವರು ಉಪಾಯ ತಂದರು, ಬೀದರಿನ ನೆಲ ಅದಕ್ಕೆ ಹೂಂ ಅಂದಿತು. ನೆಲ ಒಪ್ಪದಿದ್ದರೆ ಎಷ್ಟೇ ದೊಡ್ಡ ನಾಗರಿಕತೆಯ ಉಪಾಯವೂ ನಿಲ್ಲುವುದಿಲ್ಲ.

ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇಂಥ ಸುರಂಗಗಳ ಬಗ್ಗೆ ಒಂದು ಮಾತು ಬರೆದಿದ್ದಾನೆ. ನೀರಿಲ್ಲದ ಜಾಗಕ್ಕೆ ನೀರು ತಂದವರಿಗೆ ಪರ್ಷಿಯದ ದೊರೆಗಳು ಆ ಭೂಮಿಯನ್ನು ಐದು ತಲೆಮಾರು ಉಣ್ಣಲು ಬಿಡುತ್ತಿದ್ದರಂತೆ. ಕಷ್ಟದ ಕೆಲಸ, ಖರ್ಚೂ ದೊಡ್ಡದು, ಅದಕ್ಕೇ ಅಷ್ಟು ದೊಡ್ಡ ಇನಾಮು.

ಆಗ ಹೇಳುತ್ತೇನೆ ಅಂದಿದ್ದ ಪದ ಇಲ್ಲಿದೆ. 'ಸುರಂಗ'. ಇದು ಸಂಸ್ಕೃತದ 'ಸುರುಂಗಾ', ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಬರುತ್ತದೆ. ಇದರ ಮೂಲ ಗ್ರೀಕಿನ 'ಸಿರಿಂಕ್ಸ್' ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ಸಿರಿಂಕ್ಸ್ ಅಂದರೆ ಮೊದಲು ಕೊಳಲು, ಆಮೇಲೆ ಕೊಳಲಿನಂಥ ಉದ್ದ ಪೊಳ್ಳು, ಆಮೇಲೆ ನೆಲದೊಳಗಿನ ದಾರಿ. ಪರ್ಷಿಯದ ಉಪಾಯ, ಗ್ರೀಕರ ಪದ, ಬೀದರಿನ ಕಲ್ಲು, ಕೊನೆಗೆ ಅದಕ್ಕೆ ಅಂಟಿಕೊಂಡ, ಸಂಸ್ಕೃತದ 'ವಾಪಿ'ಯಿಂದ ಬಂದ ನಮ್ಮ 'ಬಾವಿ'. ಎರಡೇ ಪದದಲ್ಲಿ ಇಷ್ಟು ದೂರದ ಜನ ಕೂಡಿದ್ದಾರೆ.

ಬೋರ್‌ವೆಲ್ ಬಂದ ಮೇಲೆ ಜನ ಕರೇಜ್ ಮರೆತರು. ಬಾಯಿಗಳು ಮುಚ್ಚಿದವು, ಕಸ ತುಂಬಿತು. 2010ರ ದಶಕದಲ್ಲಿ ಹೂಳು ತೆಗೆಯುವ ಕೆಲಸ ಶುರುವಾದಾಗ ಕೆಳಗೆ ನೀರು ಇನ್ನೂ ಇತ್ತು. ಅದನ್ನು ಮೊದಲ ಸಲ ನೋಡಿದ ದಿನ ನನಗೆ ಗಂಟಲು ಕಟ್ಟಿತು.

ನಿಮ್ಮ ವಿದ್ಯಾರ್ಥಿನಿಗೆ ನೇರವಾಗಿ ತಾಗುವ ಒಂದು ವಿಷಯ ಉಳಿದಿದೆ. ಶಹಾಬಾದ್ ಹತ್ತಿರದ ಮರತೂರು ಗೊತ್ತಲ್ಲ? ಅದು ವಿಜ್ಞಾನೇಶ್ವರನ ಊರು ಅನ್ನುತ್ತಾರೆ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದಾಗ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ. ಸ್ಮೃತಿ ಅವನಿಗಿಂತ ಎಷ್ಟೋ ನೂರು ವರ್ಷ ಹಳೆಯದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನುವುದು ಮಿತಾಕ್ಷರದ ಮಾತು. ಬಂಗಾಳದ ಕಡೆ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳ ಪಾಲು ಇದರ ಪ್ರಕಾರ ಆಯಿತು. ಬ್ರಿಟಿಷ್ ಕೋರ್ಟುಗಳೂ ಇದನ್ನೇ ಹಿಡಿದವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸ್ವಲ್ಪ ಬದಲಿಸಿತು. ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಬಂದದ್ದು 2005ರ ತಿದ್ದುಪಡಿಯಿಂದ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಳೆಯದು ಉಳಿಯುವುದೆಲ್ಲ ಒಳ್ಳೆಯದಕ್ಕೇ ಅಂತ ಮಕ್ಕಳಿಗೆ ಹೇಳಬೇಡಿ. ನಮ್ಮ ಪಕ್ಕದ ಊರಿನ ಒಬ್ಬ ದೊಡ್ಡ ವಿದ್ವಾಂಸನ ಮಾತು ಒಂಬತ್ತು ನೂರು ವರ್ಷ ನಡೆಯಿತು. ಅದರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇರಲಿಲ್ಲ. ಅದನ್ನು ತಿದ್ದಲು ಜನ ಹೋರಾಡಬೇಕಾಯಿತು. ಇದೂ ಆಕೆಯ ಪ್ರಶ್ನೆಗೆ ಉತ್ತರವೇ.

ಒಂದು ಎಚ್ಚರಿಕೆ. ಹೋಲಿಕೆ ಕಂಡಲ್ಲೆಲ್ಲ ನಂಟು ಕಟ್ಟಬಾರದು. ಹರಪ್ಪದ ತೂಕದ ಕಲ್ಲುಗಳು 1, 2, 4, 8, 16 ಅಂತ ದುಪ್ಪಟ್ಟಾಗುತ್ತ ಹೋಗುತ್ತವೆ. ನಮ್ಮ ರೂಪಾಯಿಗೂ 1957ರವರೆಗೆ ಹದಿನಾರು ಆಣೆ ಇತ್ತು, 'ಹದಿನಾರಾಣೆ ಸತ್ಯ' ಅಂತ ಈಗಲೂ ಅನ್ನುತ್ತೇವೆ. ಇದು ಹರಪ್ಪದಿಂದಲೇ ಬಂತು ಅಂತ ಬರೆಯುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ತಕ್ಕಡಿ ಹಿಡಿದವರು ಯಾವ ಕಾಲದಲ್ಲಿದ್ದರೂ ಅರ್ಧ ಮಾಡುತ್ತಾರೆ, ಅರ್ಧದ ಅರ್ಧ ಮಾಡುತ್ತಾರೆ. ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ವಾರದ ಹೆಸರಿನಲ್ಲಿ, ಲಿಪಿಯಲ್ಲಿ ಮಧ್ಯದ ಮೆಟ್ಟಿಲುಗಳು ಒಂದೊಂದಾಗಿ ಸಿಗುತ್ತವೆ. ಮೆಟ್ಟಿಲು ಸಿಕ್ಕರೆ ಮಾತ್ರ ನಂಬಿ.

ಇನ್ನು ಕೆಲಸದ ಮಾತು. ಮೊದಲ ಪ್ರವಾಸ ಕನಗನಹಳ್ಳಿಗೇ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ, ಬೆಳಿಗ್ಗೆ ಹೋಗಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕೆತ್ತಿದ ಅಕ್ಷರ ಚೆನ್ನಾಗಿ ಏಳುತ್ತದೆ. ಹೋಗುವ ಮೊದಲೇ ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಅಕ್ಷರದ ಮೇಲೆ ಚಾಕ್ ಹಚ್ಚುವುದು, ನೀರು ಹಾಕಿ ತಿಕ್ಕುವುದು ಬೇಡವೇ ಬೇಡ. 'ರಾಯ ಅಸೋಕೋ' ಬರಹದ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಕೈಯಲ್ಲಿ ಇಟ್ಟುಕೊಂಡಿರಿ. ಹಿಂದಿನ ದಿನ ತರಗತಿಯಲ್ಲಿ ಐದಾರು ಅಕ್ಷರ ಕಲಿಸಿ. 'ರ' ಅಂದರೆ ನಿಂತ ಒಂದು ಗೆರೆ. ಅದರ ತಲೆಗೆ ಪುಟ್ಟ ಅಡ್ಡ ಗೀಟು ಹಾಕಿದರೆ 'ರಾ'. 'ಯ' ಅಂದರೆ ಹಡಗಿನ ಲಂಗರಿನ ಹಾಗೆ, ನಿಂತ ಗೆರೆ, ಬುಡದಲ್ಲಿ ಎರಡೂ ಕಡೆ ಮೇಲಕ್ಕೆ ಬಾಗಿದ ಕೊಕ್ಕೆ. 'ಕ' ಆಗಲೇ ಗೊತ್ತು. ತರಗತಿಯಲ್ಲಿ ಭೀಮರಾಯನೋ ಸಿದ್ರಾಯನೋ ಇದ್ದರೆ ಅವನನ್ನು ಮುಂದೆ ಕರೆದು ಮೊದಲ ಎರಡು ಅಕ್ಷರ ಓದಿಸಿ. ಉಳಿದದ್ದನ್ನು, ನಮಗೇನ್ ಉಳೀತ್ರಿ ಅಂತ ಕೇಳಿದ ಆ ಹುಡುಗಿ ಓದಲಿ.